ಒತ್ತು, ಹಿಡ್ಕೊ, ಬಿಡು

ತೀರ್ಥಹಳ್ಳಿ ಕಡೆಯಿಂದ ಕರಾವಳಿಗೆ ಹೊರಟವರು ಯಾವ ದಾರಿ ಹಿಡಿದರೂ ಒಂದು ಘಾಟಿ ಇಳಿಯಲೇಬೇಕು. ಆಗುಂಬೆಯಲ್ಲಾದರೂ ಇಳಿಯಿರಿ, ಹುಲಿಕಲ್ಲಿನಲ್ಲಾದರೂ ಇಳಿಯಿರಿ. ದೊಡ್ಡ ಆಸ್ಪತ್ರೆ ಅಂದರೆ ಮಣಿಪಾಲ. ನೆಂಟರ ಮದುವೆ ಅಂದರೆ ಉಡುಪಿಯೋ ಕುಂದಾಪುರವೋ. ಹಾಗಾಗಿ ನಮ್ಮ ಕಡೆಯ ಹಳಬರು ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದರೆ ಎಂಜಿನ್ನಿನ ಸದ್ದು ಕೇಳುವುದಕ್ಕೂ ಮೊದಲು ಬ್ರೇಕ್ ಪೆಡಲಿನ ಮೇಲೆ ಕಾಲಿಡುತ್ತಿದ್ದರು. ಹತ್ತಲಾಗದ ಕಾರು ದಾರಿಯಲ್ಲೇ ನಿಂತುಬಿಡುತ್ತದೆ, ಅಷ್ಟೆ. ಇಳಿಯುವಾಗ ನಿಲ್ಲದ ಕಾರಿನ ಕಥೆಯೇ ಬೇರೆ.

ನಾನು ಪಿಯುಸಿ ಓದಿದ್ದು ಸೋದರಮಾವನ ಮನೆಯಲ್ಲಿದ್ದುಕೊಂಡು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಮಾವನದು ಅಡಿಕೆ ತೋಟ, ಸ್ವಲ್ಪ ಗದ್ದೆ, ಕೊಟ್ಟಿಗೆ ತುಂಬ ದನ. ಮಗ ದೂರದ ಹಾಸ್ಟೆಲಿನಲ್ಲಿದ್ದ. ಅಂಗಳದ ಆಚೆ, ಸೋಗೆ ಹೊದೆಸಿದ ಮಾಡಿನ ಕೆಳಗೆ ಬಿಳಿ ಮಾರುತಿ 800 ನಿಲ್ಲುತ್ತಿತ್ತು. ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನವಕ್ಕೆ ಡ್ರಮ್. ಆ ಕಾರಿನ ಬಗ್ಗೆ ನನಗೆ ಇಷ್ಟೆಲ್ಲ ಗೊತ್ತಾಗುವುದಕ್ಕೆ ಕಾರಣವಾದದ್ದು ಉಡುಪಿಯ ಒಂದು ವೈಶಾಖದ ಮದುವೆ.

ಮದುವೆಯ ಹಿಂದಿನ ವಾರ ಕಾರು ಗ್ಯಾರೇಜಿಗೆ ಹೋಗಿ ಬಂದಿತ್ತು. ಬ್ರೇಕ್ ಆಯಿಲ್ ಬದಲಾಯಿಸಿದ್ದಕ್ಕೆ ಬಿಲ್ಲಿನಲ್ಲಿ ದುಡ್ಡೂ ಹಿಡಿದಿದ್ದರು. ಅಜ್ಜಿ, ಅತ್ತೆ, ನಾನು, ಅತ್ತೆಯ ತಂಗಿ, ಡಿಕ್ಕಿಯಲ್ಲಿ ಜಾಗ ಸಾಲದೆ ತೊಡೆಯ ಮೇಲೆ ಬಂದ ಬ್ಯಾಗುಗಳು. ಹೀಗೆ ತುಂಬಿದ ಕಾರು ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಿಗೆ ಇಳಿಯಿತು. ಮುಂದೊಂದು ಮಿನಿಬಸ್ಸು. ಅದು ತಿರುವು ತಿರುವಿಗೂ ನಿಲ್ಲುವಷ್ಟು ನಿಧಾನವಾಗುತ್ತಿತ್ತು, ಮಾವ ಅದರ ಹಿಂದೆ ಬ್ರೇಕ್ ಒತ್ತುತ್ತ ಬಿಡುತ್ತ ಇಳಿಸುತ್ತಿದ್ದರು. ಅರ್ಧ ಘಾಟಿ ದಾಟಿರಬೇಕು, ಸುಟ್ಟ ವಾಸನೆ ಬಂತು. ಮುಂದಿನ ತಿರುವಿನ ಮೊದಲು ಮಾವನ ಮೊಣಕಾಲು ಇದ್ದಕ್ಕಿದ್ದಂತೆ ಕೆಳಗಿಳಿದದ್ದನ್ನು ನಾನು ಪಕ್ಕದ ಸೀಟಿನಿಂದ ಕಂಡೆ. ಪೆಡಲ್ ನೆಲ ಮುಟ್ಟಿತ್ತು. ಮಾವ ಒಂದು ಮಾತೂ ಆಡಲಿಲ್ಲ. ಎರಡನೇ ಗೇರಿನಿಂದ ಮೊದಲನೆಯದಕ್ಕೆ ಎಳೆದರು, ಎಂಜಿನ್ ಕಿರುಚಿತು, ಹ್ಯಾಂಡ್‌ಬ್ರೇಕನ್ನು ಒಂದೊಂದೇ ಹಲ್ಲು ಎತ್ತುತ್ತ ಕಾರನ್ನು ಗುಡ್ಡದ ಕಡೆಯ ಚರಂಡಿಗೆ ಒರಗಿಸಿ ನಿಲ್ಲಿಸಿದರು. ಅಜ್ಜಿ ಮಾತ್ರ "ಇಲ್ಲೆಂಥಕ್ಕೆ ನಿಲ್ಸಿದ್ಯಾ?" ಎಂದು ಕೇಳಿದರು. ಅವರಿಗೆ ಏನೂ ತಿಳಿದಿರಲಿಲ್ಲ.

ಒಂದಷ್ಟು ಹೊತ್ತು ಕಳೆದ ಮೇಲೆ ವಿಚಿತ್ರ ಕಂಡಿತು. ಮಾವ ಮತ್ತೆ ಕೂತು ಒತ್ತಿ ನೋಡಿದರೆ ಪೆಡಲ್ ವಾಪಸು ಬಂದಿದೆ, ಸಾಕಷ್ಟು ಗಟ್ಟಿಯಾಗಿಯೂ ಇದೆ. ಏನೂ ಆಗೇ ಇಲ್ಲವೇನೋ ಎನ್ನುವ ಹಾಗೆ. ಆ ವಾಪಸು ಬಂದ ಪೆಡಲನ್ನು ಮಾವ ನಂಬಲಿಲ್ಲ. ನಮ್ಮನ್ನೆಲ್ಲ ಇಳಿಸಿ ಇನ್ನೊಂದು ವ್ಯಾನಿಗೆ ಹತ್ತಿಸಿದರು. ಖಾಲಿ ಕಾರನ್ನು ಮೊದಲನೇ ಗೇರಿನಲ್ಲೇ ಘಾಟಿಯ ಬುಡದ ಸೋಮೇಶ್ವರಕ್ಕೆ ಇಳಿಸಿ ಅಲ್ಲೇ ಬಿಟ್ಟು, ಮದುವೆಗೆ ಬಸ್ಸಿನಲ್ಲಿ ಬಂದರು.

ಆ ದಿನ ನಡೆದದ್ದೇನು ಎಂದು ಬಿಡಿಸಿ ಹೇಳಿದವರು ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರು. ಜೀಪುಗಳ ಕೆಲಸದಲ್ಲೇ ಜೀವ ಸವೆಸಿ, ಕಣ್ಣು ಮಂಜಾದ ಮೇಲೆ ಗ್ಯಾರೇಜು ಮುಚ್ಚಿದ್ದವರು. ಎಲ್ಲರೂ ಅವರನ್ನು ಸಾಹೇಬರು ಅಂತಲೇ ಕರೆಯುತ್ತಿದ್ದುದು. ಮಾವ ಅವರನ್ನು ಮನೆಗೆ ಕರೆತಂದು ಕುರ್ಚಿ ಹಾಕಿ ಕೂರಿಸಿದರು. ಸಾಹೇಬರು ಕಾರಿನ ಕಡೆ ನೋಡುವ ಮೊದಲು ಕೊಟ್ಟಿಗೆಯ ಕಡೆ ನೋಡಿ, ದನಗಳಿಗೆ ಚುಚ್ಚುವ ದೊಡ್ಡ ಸಿರಿಂಜು ಇದೆಯಾ ಎಂದು ಕೇಳಿದರು. ಇತ್ತು. ಅದಕ್ಕೆ ತುಂಬ ನೀರು ಎಳೆದು, ಬಾಯಿಗೆ ಹೆಬ್ಬೆರಳು ಒತ್ತಿಹಿಡಿದು, "ಈಗ ತಳ್ಳಮ್ಮ" ಅಂದರು. ಎರಡೂ ಕೈಯಿಂದ ತಳ್ಳಿದರೂ ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಆಮೇಲೆ ಅರ್ಧ ನೀರು ಚೆಲ್ಲಿ ಅಷ್ಟು ಗಾಳಿ ಎಳೆದು ಮತ್ತೆ ಹಿಡಿದರು. ತಳ್ಳಿದರೆ ಒಳಗೆ ಹೋಯಿತು, ಬಿಟ್ಟರೆ ಪುಟಿದು ಬಂತು. "ನಿಮ್ಮ ಮಾವನ ಕಾಲು ತಳ್ಳಿದ್ದು ಚಕ್ರನಲ್ಲ, ಈ ಗಾಳೀನ" ಅಂದರು.

ಕಾಲೇಜಿನ ಭೌತಶಾಸ್ತ್ರದ ಪುಸ್ತಕದಲ್ಲಿ ಪ್ಯಾಸ್ಕಲನ ನಿಯಮ ಆಗಷ್ಟೇ ಮುಗಿದಿತ್ತು. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಕುಂದದೆ ಹರಡುತ್ತದೆ ಎಂದು ಹದಿನೇಳನೇ ಶತಮಾನದ ಆ ಫ್ರೆಂಚ್ ಗಣಿತಜ್ಞ ಹೇಳಿದ್ದು ನನಗೆ ಎರಡು ಅಂಕದ ಪ್ರಶ್ನೆಯಾಗಿ ಗೊತ್ತಿತ್ತು. ಅದೇ ನಿಯಮ ಹೆಬ್ಬೆರಳಿನ ಕೆಳಗೆ ಬಂದದ್ದು ಆ ದಿನ. ರಾತ್ರಿ ಕೂತು ಲೆಕ್ಕ ಹಾಕಿದೆ. ಸಣ್ಣ ಕಾರಿನಲ್ಲಿ ಪೆಡಲಿನ ಒತ್ತನ್ನು ದ್ರವಕ್ಕೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಒಳವ್ಯಾಸ 19 ಮಿಲಿಮೀಟರ್ ಎಂದಿಟ್ಟುಕೊಂಡರೆ ಪಿಸ್ಟನ್ನಿನ ವಿಸ್ತೀರ್ಣ 2.8 ಚದರ ಸೆಂಟಿಮೀಟರಿನಷ್ಟು. ಪೈಪಿನಲ್ಲಿ ಎಲ್ಲೋ ಒಂದು ಕಡೆ ಒಂದೇ ಒಂದು ಸಿಸಿ ಗಾಳಿ ಸೇರಿಕೊಂಡಿದೆ ಅನ್ನಿ. ಅದನ್ನು ಅಮುಕುವುದಕ್ಕೇ ಪಿಸ್ಟನ್ ಮೂರೂವರೆ ಮಿಲಿಮೀಟರ್ ಸರಿಯಬೇಕು. ಪೆಡಲಿನ ಸನ್ನೆ ನಾಲ್ಕು ಪಟ್ಟಿನದಾದರೆ ಕಾಲು ಹದಿನಾಲ್ಕು ಮಿಲಿಮೀಟರ್ ವ್ಯರ್ಥವಾಗಿ ಇಳಿಯುತ್ತದೆ. ಮೂರು ನಾಲ್ಕು ಸಿಸಿ ಗಾಳಿ ಇದ್ದರೆ ಪೆಡಲಿನಲ್ಲಿ ಉಳಿಯುವುದೇನು?

ಆದರೆ ಘಾಟಿ ಇಳಿಯಲು ಶುರು ಮಾಡಿದಾಗ ಪೆಡಲ್ ಚೆನ್ನಾಗಿಯೇ ಇತ್ತಲ್ಲ, ನಡುವೆ ಗಾಳಿ ಎಲ್ಲಿಂದ ಬಂತು? ಇದು ನನ್ನ ಪ್ರಶ್ನೆ. ಅದಕ್ಕೆ ಸಾಹೇಬರು ಕೊಟ್ಟ ಉತ್ತರವನ್ನು ಮಲೆನಾಡಿನಲ್ಲಿ ಕಾರಿಟ್ಟ ಪ್ರತಿಯೊಬ್ಬರೂ ತಿಳಿದಿರಬೇಕು ಎಂದು ಈಗಲೂ ನನಗನ್ನಿಸುತ್ತದೆ. ಬ್ರೇಕಿಗೆ ಹಾಕುವ ದ್ರವ ಗ್ಲೈಕಾಲ್ ಜಾತಿಯದು, ನೀರಿನಂಶವನ್ನು ಹೀರಿಕೊಳ್ಳುವ ಗುಣ ಅದರ ಹುಟ್ಟಿನಲ್ಲೇ ಇದೆ. ದ್ರವ ತುಂಬಿಡುವ ಡಬ್ಬಿಯ ಮುಚ್ಚಳದ ಉಸಿರಾಟದ ತೂತಿನಿಂದ, ರಬ್ಬರ್ ಪೈಪಿನ ಗೋಡೆಯಿಂದ, ಗಾಳಿಯ ತೇವ ಸದ್ದಿಲ್ಲದೆ ಒಳಗೆ ಸೇರುತ್ತದೆ. ಡಾಟ್ 3 ಎನ್ನುವ ದರ್ಜೆಯ ದ್ರವ ಹೊಸತಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದೇ ದ್ರವದಲ್ಲಿ ನೂರಕ್ಕೆ 3.7ರಷ್ಟು ನೀರು ಸೇರಿದರೆ 140 ಡಿಗ್ರಿಗೇ ಕುದಿಯಬಹುದು. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ವರ್ಷದ ನಾಲ್ಕು ತಿಂಗಳು ಬಟ್ಟೆಯೇ ಒಣಗದ ಊರಿನಲ್ಲಿ ಬ್ರೇಕಿನ ದ್ರವ ಮಾತ್ರ ಒಣಗಿರುತ್ತದೆಯೇ? ಇಳಿಜಾರಿನಲ್ಲಿ ಮತ್ತೆ ಮತ್ತೆ ಒತ್ತಿದಾಗ ಡಿಸ್ಕ್ ಕಾಯುತ್ತದೆ, ಆ ಬಿಸಿ ಪ್ಯಾಡು ದಾಟಿ, ಪ್ಯಾಡನ್ನು ಒತ್ತುವ ಕ್ಯಾಲಿಪರಿನೊಳಗಿನ ದ್ರವಕ್ಕೆ ತಲುಪುತ್ತದೆ. ಕಾಲು ಒತ್ತಿರುವವರೆಗೆ ಒಳಗಿನ ಒತ್ತಡವೇ ಅದನ್ನು ಕುದಿಯಗೊಡುವುದಿಲ್ಲ. ಕಾಲು ಎತ್ತಿದ ಕ್ಷಣ ಒತ್ತಡ ಇಳಿದು ಅದು ಆವಿಯಾಗುತ್ತದೆ. ಮುಂದಿನ ಸಲ ಒತ್ತಿದಾಗ ಕಾಲಿಗೆ ಸಿಗುವುದು ಆ ಆವಿ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ವಾಪಸು ಬರುತ್ತದೆ. ಮಾವ ಅದನ್ನು ನಂಬದೆ ಇದ್ದದ್ದು ಸರಿಯಾಗಿತ್ತು.

ಇದರ ಜೊತೆ ಸಾಹೇಬರು ಇನ್ನೊಂದು ಗುರುತು ಹೇಳಿಕೊಟ್ಟರು. ಪೆಡಲ್ ಕಲ್ಲಿನಷ್ಟು ಗಟ್ಟಿಯಿದ್ದೂ ಕಾರು ನಿಲ್ಲದಿದ್ದರೆ ಕಾದು ಸೋತದ್ದು ಪ್ಯಾಡು ಅಥವಾ ಶೂ. ಪೆಡಲೇ ಕೆಳಗೆ ಹೋದರೆ ಸೋತದ್ದು ದ್ರವ. ಎರಡಕ್ಕೂ ವಾಸನೆ ಒಂದೇ, ಮದ್ದು ಬೇರೆ.

ಆ ದಿನವೇ ಅವರ ಮಾತಿನಂತೆ ಮುಂದಿನ ಎಡ ಚಕ್ರದ ಬ್ರೇಕಿನಲ್ಲಿ ಗಾಳಿ ಹೊರಬಿಡಲು ಇರುವ ನಿಪ್ಪಲನ್ನು ಮಾವ ಸ್ವಲ್ಪ ಸಡಿಲಿಸಿದರು. ಹೊರಬಂದದ್ದು ಕಾಫಿ ಡಿಕಾಕ್ಷನ್ ಬಣ್ಣದ್ದು. ಮೇಲಿನ ಡಬ್ಬಿಯಲ್ಲಿದ್ದದ್ದು ಮಾತ್ರ ತಿಳಿ ಹಳದಿ. ಅಂದರೆ ಗ್ಯಾರೇಜಿನವರು ಡಬ್ಬಿಯಲ್ಲಿದ್ದಷ್ಟನ್ನು ಹೀರಿ ತೆಗೆದು ಹೊಸತು ಸುರಿದಿದ್ದರು. ಡಬ್ಬಿಯ ಕೆಳಗಿನ ಪೈಪು, ಸಿಲಿಂಡರು, ಕ್ಯಾಲಿಪರು, ಅಂದರೆ ನಿಜವಾಗಿ ಕಾಯುವ ಜಾಗದಲ್ಲೆಲ್ಲ ಹಳೆಯದೇ ಉಳಿದಿತ್ತು. ಮಾವ ಜಗಳಕ್ಕೆ ಹೋಗಲಿಲ್ಲ. "ಇನ್ನು ಮೇಲೆ ಈ ಕೆಲಸ ಮನೆಯದ್ದು" ಎಂದರು. ಮನೆಯಲ್ಲಿ ಪೆಡಲ್ ಒತ್ತಲು ಬಿಡುವಾಗಿದ್ದವಳು ನಾನೊಬ್ಬಳೇ.

ಬ್ರೇಕಿನ ಗಾಳಿ ತೆಗೆಯುವ ಕೆಲಸಕ್ಕೆ ಮಾವ ಆರಿಸಿಕೊಂಡ ಕಾಲ ದೀಪಾವಳಿಯ ಮರುವಾರ. ಮಳೆ ಹಿಂದಾಗಿರುತ್ತದೆ, ಕೊನೆ ಕೊಯ್ಲು ಇನ್ನೂ ಬಿರುಸಾಗಿರುವುದಿಲ್ಲ, ಅಂಗಳಕ್ಕೆ ಅಡಿಕೆ ಬಿದ್ದಿರುವುದಿಲ್ಲ. ಅಡಿಕೆ ಒಣಗಿಸುವ ಅಂಗಳದಲ್ಲಿ ಈ ದ್ರವದ ಒಂದು ತೊಟ್ಟೂ ಬೀಳಬಾರದು ಎಂಬುದು ಅತ್ತೆಯ ಷರತ್ತು, ನ್ಯಾಯವಾದದ್ದೇ. ಹಾಗಾಗಿ ಪ್ರತಿ ಚಕ್ರದ ಕೆಳಗೂ ಒಂದೊಂದು ಅಗಲವಾದ ಅಡಿಕೆ ಹಾಳೆ ಹಾಸುತ್ತಿದ್ದೆವು. ಹಾಳೆಯ ಅಂಚು ಮೇಲೆದ್ದಿರುವುದರಿಂದ ಚೆಲ್ಲಿದ್ದು ಅದರಲ್ಲೇ ನಿಲ್ಲುತ್ತಿತ್ತು. ಪಕ್ಕದಲ್ಲಿ ಒಂದು ಬಕೆಟ್ ನೀರು ಯಾವಾಗಲೂ ಇರಬೇಕು. ಈ ದ್ರವ ಕಾರಿನ ಬಣ್ಣವನ್ನು ತಿಂದುಹಾಕುತ್ತದೆ, ಒರೆಸಿದರೆ ಇನ್ನಷ್ಟು ಹರಡುತ್ತದೆ, ತಕ್ಷಣ ನೀರು ಹೊಯ್ದರೆ ತೊಳೆದುಹೋಗುತ್ತದೆ. ಬಾನೆಟ್ಟಿನ ಅಂಚಿಗೆ ಹಳೆಯ ಪಂಚೆ ಹೊದೆಸಿಯೇ ಮಾವ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದುದು.

ಕಾರನ್ನು ಎತ್ತುವ ವಿಷಯದಲ್ಲಿ ಮಾವ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಎತ್ತಿದ ಮೇಲೆ ಹಲಸಿನ ಮರದ ದಪ್ಪ ತುಂಡುಗಳನ್ನು ಚಾಸಿಯ ಗಟ್ಟಿ ಜಾಗಕ್ಕೆ ಕೊಟ್ಟು, ಜಾಕನ್ನು ತುಸು ಇಳಿಸಿ ಭಾರವನ್ನು ಮರಕ್ಕೆ ಬಿಟ್ಟು, ಬಿಚ್ಚಿದ ಚಕ್ರವನ್ನೂ ಕಾರಿನ ಕೆಳಗೆ ಮಲಗಿಸಿ, ಆಮೇಲೆ ಕಾರನ್ನು ಅಲ್ಲಾಡಿಸಿ ನೋಡುತ್ತಿದ್ದರು. ನೆಲದ ಮೇಲಿರುವ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಕಲ್ಲು. ಇಷ್ಟಾದ ಮೇಲೆಯೇ ತಲೆ ಒಳಗೆ ಹೋಗುತ್ತಿದ್ದುದು.

ಸಾಮಾನು ಹೆಚ್ಚೇನಿಲ್ಲ. ನಿಪ್ಪಲಿಗೆ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರು. ಓಪನ್ ಸ್ಪ್ಯಾನರು ಮುಟ್ಟಿದರೆ ಮೂಲೆ ಸವೆದು ನಿಪ್ಪಲೇ ಕೈಬಿಟ್ಟುಹೋಗುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಲೂಕೋಸ್ ಡ್ರಿಪ್ಪಿನ ಪಾರದರ್ಶಕ ನಳಿಕೆ. ಒಂದು ಗಾಜಿನ ಬಾಟಲಿ. ಸೀಲ್ ಒಡೆಯದ ಅರ್ಧ ಲೀಟರಿನ ಹೊಸ ಡಬ್ಬ. ಹೋದ ವರ್ಷ ತೆರೆದಿಟ್ಟದ್ದು ಬೇಡ, ಅದು ಕಪಾಟಿನಲ್ಲಿ ಕೂತೇ ತೇವ ಕುಡಿದಿರುತ್ತದೆ. ಯಾವ ದರ್ಜೆಯ ದ್ರವ ಎಂಬುದು ಕಾರಿನ ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ, ಅದಕ್ಕೆ ಮೀರಿ ಜಾಣತನ ಮಾಡಬಾರದು. ಎಂಜಿನ್ ಆಯಿಲ್ ತಾಗಿದ ಲಾಳಿಕೆಯನ್ನೂ ಮಾವ ಹತ್ತಿರ ಬರಗೊಡುತ್ತಿರಲಿಲ್ಲ. ಖನಿಜ ತೈಲ ಸೋಕಿದರೆ ಒಳಗಿನ ರಬ್ಬರ್ ವಾಷರುಗಳು ಉಬ್ಬಿಕೊಂಡು ಇಡೀ ವ್ಯವಸ್ಥೆಯೇ ಹಾಳು.

ಶುರು ಮಾಡುತ್ತಿದ್ದುದು ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಚಾಲಕನ ಕಡೆಯದು. ಎಲ್ಲ ಕಾರಿಗೂ ಇದೇ ಕ್ರಮವಲ್ಲ. ಕರ್ಣರೇಖೆಯಲ್ಲಿ ಎರಡು ಪಾಲಾದ ಬ್ರೇಕಿನ ಕಾರುಗಳಿಗೆ ಕಂಪನಿಯವರು ಬೇರೆ ಕ್ರಮ ಹೇಳಿರುತ್ತಾರೆ, ಅವರ ಕೈಪಿಡಿಯೇ ಪ್ರಮಾಣ. ನಿಪ್ಪಲಿನ ರಬ್ಬರ್ ಟೋಪಿ ತೆಗೆದು, ಮಣ್ಣು ಒರೆಸಿ, ನಳಿಕೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ದ್ರವ ಹಾಕಿದ ಬಾಟಲಿಯಲ್ಲಿ ಮುಳುಗಿಸುವುದು. ನಳಿಕೆ ನಿಪ್ಪಲಿನಿಂದ ಮೊದಲು ಮೇಲಕ್ಕೆ ಏರಿ ಆಮೇಲೆ ಬಾಗಬೇಕು. ಗುಳ್ಳೆ ತಾನಾಗಿ ಮೇಲಕ್ಕೆ ಹೋಗುವ ವಸ್ತು. ಅದಕ್ಕೆ ಹೋಗಲು ದಾರಿ ಮಾಡಿಕೊಟ್ಟರೆ ಅದು ವಾಪಸು ಬರುವುದಿಲ್ಲ.

ಆಮೇಲೆ ನಮ್ಮಿಬ್ಬರ ಕೆಲಸ. ಚಕ್ರದ ಬಳಿ ಕೂತ ಮಾವನಿಗೆ ಪೆಡಲ್ ಕಾಣುವುದಿಲ್ಲ, ಒಳಗೆ ಕೂತ ನನಗೆ ಚಕ್ರ ಕಾಣುವುದಿಲ್ಲ. ಮಾತೊಂದೇ ಸೇತುವೆ.

"ಒತ್ತು" ಎನ್ನುತ್ತಿದ್ದರು. ನಿಧಾನವಾಗಿ ಮೂರು ನಾಲ್ಕು ಸಲ ಒತ್ತಿ "ಒತ್ತಿದೆ" ಎನ್ನಬೇಕು.

"ಹಿಡ್ಕೊ." "ಹಿಡ್ಕೊಂಡೆ ಮಾವ." ಅವರು ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸುತ್ತಿದ್ದರು. ಕಾಲಿನ ಕೆಳಗೆ ಪೆಡಲ್ ಸಾವಕಾಶವಾಗಿ ಇಳಿಯುತ್ತಿತ್ತು. "ಹೋಯ್ತು."

ನಿಪ್ಪಲ್ ಬಿಗಿಯಾದ ಸದ್ದು. ಆಮೇಲೆ "ಬಿಡು." "ಬಿಟ್ಟೆ."

ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರ ಉತ್ತರ ಬರುವ ತನಕ ಯಾರ ಕೈಕಾಲೂ ಆಡಬಾರದು. ಪೆಡಲ್ ಮೇಲೇಳುವ ಮೊದಲು ನಿಪ್ಪಲ್ ಮುಚ್ಚಿರಲೇಬೇಕು. ತಡವಾದರೆ ಹೊರಗಿನ ಗಾಳಿಯನ್ನು ಅದೇ ಎಳೆದುಕೊಳ್ಳುತ್ತದೆ, ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಒಂದು ಸಲ ನಾನು ಹಿಡಿದುಕೊಂಡು ಕೂತಿದ್ದಾಗ ಅತ್ತೆ ಜಗಲಿಯಲ್ಲಿ ಯಾರಿಗೋ "ಬಿಡು ಮಾರಾಯ್ತಿ" ಅಂದರು. ನನ್ನ ಕಾಲು ಅಲುಗಲಿಲ್ಲ. ಚಕ್ರದ ಕೆಳಗಿನಿಂದ ಮಾವ "ಶಾಭಾಸ್" ಅಂದದ್ದು ಕೇಳಿಸಿತು. ಪರೀಕ್ಷೆಯ ಅಂಕಗಳಿಗೂ ಅವರು ಅಷ್ಟು ಹೊಗಳಿದವರಲ್ಲ.

ಪೆಡಲಿನ ಕೆಳಗೆ ನೆಲದ ಮೇಲೆ ಒಂದು ಸಣ್ಣ ಮರದ ತುಂಡು ಇಡುತ್ತಿದ್ದೆವು, ಸಾಹೇಬರ ಸೂಚನೆಯಂತೆ. ಹಳೆಯ ಕಾರಿನಲ್ಲಿ ಮಾಸ್ಟರ್ ಸಿಲಿಂಡರಿನ ವಾಷರು ದಿನಾ ಓಡಾಡುವುದು ಸಿಲಿಂಡರಿನ ಒಂದು ಭಾಗದಲ್ಲಿ ಮಾತ್ರ. ಅದರ ಆಚೆಗೆ ಯಾವತ್ತೂ ಮುಟ್ಟದ ಜಾಗದಲ್ಲಿ ತುಕ್ಕು, ಕೆಸರು ಕೂತಿರಬಹುದು. ನಿಪ್ಪಲ್ ತೆರೆದಾಗ ಪೆಡಲನ್ನು ನೆಲದವರೆಗೂ ಬಿಟ್ಟರೆ ವಾಷರು ಅಲ್ಲಿಗೆ ಹೋಗಿ ಕೊಯ್ದುಕೊಳ್ಳುತ್ತದೆ. ಗಾಳಿ ತೆಗೆಸಿದ ಮರುವಾರವೇ ಮಾಸ್ಟರ್ ಸಿಲಿಂಡರ್ ಸೋರಲು ಶುರುವಾಯಿತು ಎಂಬ ದೂರನ್ನು ಬೇಕಾದಷ್ಟು ಜನರ ಬಾಯಲ್ಲಿ ಕೇಳಿದ್ದೇನೆ. ಬಹಳ ಸಲ ಕಾರಣ ಇದೇ ಇರುತ್ತದೆ. ಒಂದು ಅಂಗೈಯಗಲದ ಮರದ ತುಂಡು ಅದನ್ನು ತಪ್ಪಿಸುತ್ತದೆ.

ಮೊದಲು ಕಪ್ಪು, ಆಮೇಲೆ ಕಂದು, ನಡುನಡುವೆ ನಳಿಕೆಯಲ್ಲಿ ಸಾಲುಗಟ್ಟಿದ ಸಣ್ಣ ಗುಳ್ಳೆಗಳು. ಅವು ನಿಂತ ಮೇಲೂ ಮಾವ ನಿಲ್ಲಿಸುತ್ತಿರಲಿಲ್ಲ. ಕ್ಯಾಲಿಪರನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟುತ್ತಿದ್ದರು. ತಟ್ಟಿದ ಮೇಲೆ ಒತ್ತಿದರೆ, ಒಳಗೋಡೆಗೆ ಅಂಟಿಕೂತ ಒಂದೆರಡು ಗುಳ್ಳೆ ಹೊರಬರುವುದನ್ನು ನಾನೂ ಬಗ್ಗಿ ನೋಡಿದ್ದೇನೆ. ಗ್ಯಾರೇಜಿನ ಅವಸರದಲ್ಲಿ ಉಳಿದುಹೋಗುವುದು ಇವೇ. ಡಬ್ಬಿಯ ಮಟ್ಟ ಕೆಳಗೆರೆಗೆ ಬರುವ ಮೊದಲೇ ತುಂಬುವುದು ಅತ್ತೆಯ ಪಾಲಿನ ಕೆಲಸ. ಅಲ್ಲಿ ಒಮ್ಮೆ ಖಾಲಿಯಾದರೆ ಮಾಸ್ಟರ್ ಸಿಲಿಂಡರಿಗೇ ಗಾಳಿ ನುಗ್ಗಿ, ಮೊದಲಿನಿಂದ ಎಲ್ಲ. ಬಾಟಲಿಗೆ ಬಿದ್ದದ್ದು ಎಷ್ಟೇ ತಿಳಿಯಾಗಿ ಕಂಡರೂ ಮತ್ತೆ ಮೇಲೆ ಸುರಿಯುವ ಹಾಗಿಲ್ಲ. ಅದನ್ನು ತೋಟಕ್ಕೂ ಚೆಲ್ಲುವಂತಿರಲಿಲ್ಲ, ಹಳೆಯ ಆಯಿಲಿನೊಟ್ಟಿಗೂ ಬೆರೆಸುವಂತಿರಲಿಲ್ಲ. ಬೇರೆ ಕ್ಯಾನಿನಲ್ಲಿ ಕೂಡಿಟ್ಟು ಪೇಟೆಗೆ ಹೋದಾಗ ಗ್ಯಾರೇಜಿನವರಿಗೆ ಒಪ್ಪಿಸುತ್ತಿದ್ದರು.

ಇಷ್ಟೆಲ್ಲ ಮಾಡಿದ ಮೇಲೂ ಪೆಡಲ್ ಸ್ವಲ್ಪ ಕೆಳಗೇ ಇದೆ ಎಂದು ನಾನು ಹೇಳಿದ್ದುಂಟು. ಮಾವ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಕೆಳಗೆ ಹೋಗಿ ಗಟ್ಟಿ ಆಗ್ತದಾ, ಮೆತ್ತಗೇ ಇರ್ತದಾ?" ಕೆಳಗೆ ಹೋದರೂ ಕೊನೆಗೆ ಗಟ್ಟಿ ನಿಂತರೆ ಅದು ಗಾಳಿಯಲ್ಲ, ಹಿಂದಿನ ಡ್ರಮ್ಮಿನ ಶೂ ಸವೆದು ದೂರವಾಗಿದೆ. ಶೂಗಳನ್ನು ಅಡ್ಜಸ್ಟ್ ಮಾಡಿ ಡ್ರಮ್ಮಿನ ಹತ್ತಿರ ತಂದರೆ ಪೆಡಲ್ ತಾನಾಗಿ ಮೇಲೆ ಬರುತ್ತದೆ. ಈ ಎರಡು ಬಗೆಯ ಕೆಳಗನ್ನು ಅಂಗಾಲಿನಲ್ಲಿ ಗುರುತಿಸುವುದನ್ನು ಪುಸ್ತಕ ಕಲಿಸಲಾರದು. ಈ ಗೊಂದಲವೇ ಬೇಡವೆಂದು, ಮೊದಲು ಶೂ ಸರಿಪಡಿಸಿ ಆಮೇಲೆ ಗಾಳಿ ತೆಗೆಯುವುದು ಮುಂದೆ ನಮ್ಮ ಮನೆಯ ಪದ್ಧತಿಯಾಯಿತು. ಕೊನೆಗೆ ನಾನು ಪೆಡಲನ್ನು ಬಲವಾಗಿ ಒತ್ತಿಹಿಡಿದು ಕೂರಬೇಕು, ಮಾವ ನಾಲ್ಕೂ ಚಕ್ರದ ಬಳಿ ಹೋಗಿ ನಿಪ್ಪಲಿನ ಸುತ್ತ ಒಣಬಟ್ಟೆ ಒತ್ತಿ ನೋಡಬೇಕು. ತೋಟದ ಗೇಟಿನ ತನಕ ಖಾಲಿ ದಾರಿಯಲ್ಲಿ ಒಂದು ಸುತ್ತು. ಘಾಟಿಯ ಕಡೆ ಹೋಗುವುದು ಮರುದಿನ ಬೆಳಿಗ್ಗೆ ಡಬ್ಬಿಯ ಮಟ್ಟ ನೋಡಿದ ಮೇಲೆಯೇ.

ನಾನು ಬೆಂಗಳೂರಿಗೆ ಬಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸತೊಡಗಿದ ಮೇಲೆ ನಮ್ಮದೇ ಕಾರಿಗೂ ಈ ಕೆಲಸ ಮಾಡಿದ್ದೇವೆ. ನಮ್ಮವರು ಪೆಡಲಿಗೆ, ನಾನು ಚಕ್ರಕ್ಕೆ. ಒಬ್ಬರೇ ಮಾಡಿಕೊಳ್ಳುವ ಸಲಕರಣೆಗಳೂ ಈಗ ಸಿಗುತ್ತವೆ: ಒಂದೇ ದಿಕ್ಕಿಗೆ ತೆರೆಯುವ ವಾಲ್ವಿನ ನಳಿಕೆ, ನಿಪ್ಪಲಿನಿಂದ ಹೀರುವ ಕೈಪಂಪು, ಮೇಲಿನ ಡಬ್ಬಿಗೇ ಒತ್ತಡ ಕೊಡುವ ಟ್ಯಾಂಕು. ಹೀರುವ ಪಂಪು ನನಗೆ ಹಿಡಿಸಲಿಲ್ಲ; ಸಡಿಲಿಸಿದ ನಿಪ್ಪಲಿನ ತಿರುಪಿನ ಸುತ್ತಿನಿಂದ ಹೊರಗಿನ ಗಾಳಿಯನ್ನೂ ಅದು ಎಳೆಯುತ್ತದೆ, ನಳಿಕೆಯಲ್ಲಿ ಗುಳ್ಳೆ ನಿಲ್ಲುವುದೇ ಇಲ್ಲ, ಯಾವುದು ಒಳಗಿನದು ಯಾವುದು ಹೊರಗಿನದು ತಿಳಿಯುವುದಿಲ್ಲ. ಮೇಲಿನಿಂದ ಒತ್ತಡ ಕೊಡುವ ಬಗೆ ಒಳ್ಳೆಯದು, ದೊಡ್ಡ ವರ್ಕ್‌ಶಾಪುಗಳಿಗೆ ಅದೇ ಸರಿ. ಮನೆಯಲ್ಲಾದರೆ ಇಬ್ಬರು ಮಾಡುವುದನ್ನೇ ನಾನು ಮೆಚ್ಚುತ್ತೇನೆ. ಪ್ರತಿ ಒತ್ತಿಗೂ ಪೆಡಲ್ ಎಷ್ಟು ಗಟ್ಟಿಯಾಗುತ್ತಿದೆ ಎಂಬುದು ಆಗ ಒಂದು ಕಾಲಿಗೆ ಗೊತ್ತಾಗುತ್ತಿರುತ್ತದೆ. ಘಾಟಿಯಲ್ಲಿ ಒತ್ತುವುದೂ ಅದೇ ಕಾಲು.

ಈಗಿನ ನಮ್ಮ ಕಾರಿಗೆ ಎಬಿಎಸ್ ಇದೆ. 2019ರ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ. ಬರೀ ದ್ರವ ಬದಲಾಯಿಸುವುದಾದರೆ ಬಹುತೇಕ ಕಾರುಗಳಲ್ಲಿ ಹಳೆಯ ವಿಧಾನವೇ ನಡೆಯುತ್ತದೆ. ಆದರೆ ಡಬ್ಬಿ ಖಾಲಿಯಾಗಿ ಎಬಿಎಸ್ ಘಟಕದೊಳಗೆ ಗಾಳಿ ಹೊಕ್ಕರೆ, ಅದರ ಒಳಗಿನ ವಾಲ್ವುಗಳನ್ನು ಸ್ಕ್ಯಾನರ್ ಹಚ್ಚಿಯೇ ತೆರೆಸಬೇಕಾಗಬಹುದು. ಆ ಸ್ಕ್ಯಾನರ್ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಇಲ್ಲ. ಆದ್ದರಿಂದ ನಾನೀಗ ಎರಡು ವರ್ಷಕ್ಕೊಮ್ಮೆ ಸರ್ವಿಸ್ ಸ್ಟೇಷನ್ನಿಗೇ ಹೋಗುತ್ತೇನೆ. ಕೀಲಿಕೈ ಕೊಟ್ಟು ಸೋಫಾದಲ್ಲಿ ಕೂರುವುದು ಮಾತ್ರ ನನ್ನಿಂದಾಗದು.

ಹೋದ ಸಲ ಅಲ್ಲಿನ ಹುಡುಗ ಪೆನ್ನಿನಂಥ ಮೀಟರನ್ನು ಡಬ್ಬಿಯಲ್ಲಿ ಅದ್ದಿ, ಹಸಿರು ದೀಪ ತೋರಿಸಿದ. "ಫ್ಲೂಯಿಡ್ ಚೆನ್ನಾಗಿದೆ ಮೇಡಂ, ಈ ಸಲ ಬೇಡ." ಡಬ್ಬಿಯಲ್ಲಿರುವುದು ಕಾಯುವುದಿಲ್ಲವಪ್ಪ, ಮುಂದಿನ ಚಕ್ರದ ನಿಪ್ಪಲ್ ಒಂಚೂರು ತೆಗೆದು ತೋರಿಸಿ ಎಂದೆ. ಅವನು ಬೇಸರ ಮಾಡಿಕೊಳ್ಳದೆ ಕಾರನ್ನು ಎತ್ತಿ ನಳಿಕೆ ಸಿಕ್ಕಿಸಿದ. ಕಂದು ಬಣ್ಣದ್ದು ಬಂತು. ಬಾಟಲಿಯನ್ನು ಬೆಳಕಿಗೆ ಹಿಡಿದು ಅವನೇ ಸ್ವಲ್ಪ ಹೊತ್ತು ನೋಡಿದ. ಅವತ್ತು ಅವನ ಜೊತೆಗಾರ ರಜೆ, ಒತ್ತಡ ಕೊಡುವ ಮಷಿನ್ನು ಇನ್ನೊಂದು ಕಾರಿನಲ್ಲಿ. "ಪೆಡಲಿಗೆ ಯಾರನ್ನಾದರೂ ಕರೀತೀನಿ, ಹತ್ತು ನಿಮಿಷ" ಎಂದ. ನಾನೇ ಕೂರುತ್ತೇನೆ ಎಂದೆ. ಎಂಜಿನ್ ಆರಿಸಿ, ಪೆಡಲಿಗೆ ಬಲ ಕೂಡಿಸುವ ಬೂಸ್ಟರಿನಲ್ಲಿ ಉಳಿದ ನಿರ್ವಾತ ಮುಗಿಯುವವರೆಗೆ ಪೆಡಲನ್ನು ಕೆಲವು ಸಲ ಒತ್ತಿ ಬಿಟ್ಟೆ. ಕ್ರಮವನ್ನು ಕಂಪನಿಯ ಹಾಳೆ ನೋಡಿ ಅವನೇ ಹೇಳಿದ. ನಮ್ಮ ಮಾತಿನ ನಿಯಮವನ್ನು ನಾನು ಹೇಳಿದೆ, ನನ್ನ ಉತ್ತರ ಬರದೆ ಸ್ಪ್ಯಾನರ್ ತಿರುಗಿಸಬೇಡಿ ಎಂದು.

ಹಿಂದಿನ ಎಡ ಚಕ್ರದಲ್ಲಿ ಒಂದಷ್ಟು ಸಲ ಆದ ಮೇಲೆ ಅವನ ದನಿ ಬಂತು. "ತಿಳಿಯಾಯ್ತು ಮೇಡಂ, ಗುಳ್ಳೆನೂ ಇಲ್ಲ. ಮುಂದಿನ ಚಕ್ರಕ್ಕೆ ಹೋಗ್ಲಾ?"

"ಒಂದು ಸಲ ತಟ್ಟಿ, ಇನ್ನೆರಡು ಸಲ ಬಿಡಿ" ಎಂದೆ.

ತಟ್ಟಿದ. "ಒತ್ತಿ ಮೇಡಂ" ಎಂದ.